ದ್ವೀಪದಲ್ಲಿ ಸೈಕಲ್ ದಾರಿ ಹಾಕುವುದು: ಮೊದಲು ಗಾಳಿ, ಆಮೇಲೆ ನಕ್ಷೆ

ಉಷ್ಣವಲಯದ ಯಾವುದೋ ದ್ವೀಪಕ್ಕೆ ಟಿಕೆಟ್ ಮಾಡಿಸಿದ ದಿನ ಸೈಕಲ್ ಹುಚ್ಚಿನವರು ಎಲ್ಲರೂ ಮಾಡುವ ಕೆಲಸ ಒಂದೇ. ನಕ್ಷೆ ತೆಗೆಯುವುದು, ಕಡಲಂಚಿನ ರಸ್ತೆಯ ಮೇಲೆ ಬೆರಳಾಡಿಸುವುದು, ಒಂದು ಪೂರ್ತಿ ಸುತ್ತಿಗೆ ಎಷ್ಟು ಕಿಲೋಮೀಟರ್ ಅಂತ ನೋಡುವುದು. ನಾನೂ ಹಾಗೇ ಮಾಡುತ್ತಿದ್ದೆ. ಮಾರಿಷಸ್‌ನಲ್ಲಿ ಒಂದೇ ರಸ್ತೆಯನ್ನು ಎರಡು ದಿನ, ಎರಡು ದಿಕ್ಕಿನಲ್ಲಿ ತುಳಿದ ಮೇಲೆ ಆ ಅಭ್ಯಾಸ ಬಿಟ್ಟೆ.

ಅದು ಜುಲೈ ತಿಂಗಳು. ದಕ್ಷಿಣ ದಂಡೆಯ ಸುಯಾಕ್ ಊರಿಂದ ಹೊರಟು, ಗ್ರಾಂ ಬಸಾನ್ ಕೆರೆಯ ಕಡೆ ಏರಿ, ಪ್ಲೇನ್ ಶಾಂಪೇನ್ ಕಾಡಿನ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋಗಿ, ಶಾಮರೆಲ್ ತಿರುವುಗಳಲ್ಲಿ ಕಡಲಿಗೆ ಇಳಿದು, ಲೆ ಮೊರ್ನ್ ಬೆಟ್ಟದ ಬುಡ ಸುತ್ತಿ ದಕ್ಷಿಣ ದಂಡೆಯಲ್ಲೇ ವಾಪಸ್ ಬರುವ ಲೂಪ್. ಮೊದಲ ದಿನ ಒಂಬತ್ತಕ್ಕೆ ಹೊರಟೆ. ಮೇಲೆ ಹೋಗುವಷ್ಟರಲ್ಲಿ ಮೋಡ ಕೂತಿತ್ತು, ಕಣಿವೆ ನೋಡುವ ಕಟ್ಟೆಯ ಮೇಲೆ ನಿಂತರೆ ಬರೀ ಬಿಳಿ. ಶಾಮರೆಲ್ ಇಳಿಯುವಾಗ ರಸ್ತೆ ಒದ್ದೆ, ಬ್ರೇಕ್ ಹಿಡಿದು ಹಿಡಿದು ಕೈ ಸೋತುಹೋಯಿತು. ಲೆ ಮೊರ್ನ್ ದಾಟಿ ಪೂರ್ವಕ್ಕೆ ತಿರುಗಿದ ಕೂಡಲೇ ಎದುರು ಗಾಳಿ, ಅದೂ ಮಧ್ಯಾಹ್ನದ ಗಾಳಿ. ಸಮುದ್ರವೋ, ರಸ್ತೆಯ ಆ ಬದಿಗೆ. ಫೋಟೋಗೆ ನಿಲ್ಲಬೇಕಾದರೆ ಪ್ರತಿ ಸಲ ರಸ್ತೆ ದಾಟಬೇಕು.

ಎರಡು ದಿನ ಬಿಟ್ಟು ಅದನ್ನೇ ತಿರುಗಿಸಿದೆ. ಬೆಳಕು ಹರಿದ ಕೂಡಲೇ ಹೊರಟು ದಕ್ಷಿಣ ದಂಡೆಯಲ್ಲಿ ಪಶ್ಚಿಮಕ್ಕೆ ಹೋದೆ. ಗಾಳಿ ಬೆನ್ನಿಗೆ, ಸಮುದ್ರ ಎಡಗೈ ಪಕ್ಕಕ್ಕೆ, ಬೇ ದು ಕಾಪ್ ದಾಟಿದ ಮೇಲೆ ಮಕೋಂಡೆ ಬಂಡೆಯನ್ನು ಬಳಸಿ ರಸ್ತೆ ನೀರಿಗೆ ಬೀಳುವ ಹಾಗೆ ತಿರುಗುತ್ತದಲ್ಲ, ಅಲ್ಲಿ ಬೆಳಗಿನ ಎಳೆ ಬಿಸಿಲು. ಶಾಮರೆಲ್ ಏರು ಇರುವುದು ಪಶ್ಚಿಮಕ್ಕೆ ಮುಖ ಮಾಡಿದ ಇಳುಕಲಿನಲ್ಲಿ, ಹಾಗಾಗಿ ಇನ್ನೂ ನೆರಳು. ಮೋಡ ಬರುವ ಮುಂಚೆ ಕಣಿವೆ ಪೂರ್ತಿ ಕಂಡಿತು. ಅದೇ ರಸ್ತೆ, ಅದೇ ಕಾಲು, ಅದೇ ಸೈಕಲ್. ಬದಲಾಗಿದ್ದು ಯಾವ ಹೊತ್ತಿಗೆ ಎಲ್ಲಿದ್ದೆ ಅನ್ನುವುದು ಮಾತ್ರ.

ದ್ವೀಪದಲ್ಲಿ ದಾರಿ ಹಾಕುವುದು ಅಂದರೆ ಇದೇ ಲೆಕ್ಕ. ಕೆಳಗೆ ಬರೆದಿರುವುದೆಲ್ಲ ಆ ಲೆಕ್ಕ ಹೇಗೆ ಹಾಕುವುದು ಅನ್ನುವುದರ ಬಗ್ಗೆಯೇ.

ಗಾಳಿ ಎಲ್ಲಿಂದ, ಮಳೆ ಯಾವ ಕಡೆ

ಶಾಲೆಯಲ್ಲಿ ವಾಣಿಜ್ಯ ಮಾರುತ ಅಂತ ಓದಿದ್ದು ನೆನಪಿದೆಯಾ? ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಭೂಮಧ್ಯರೇಖೆಯ ಉತ್ತರಕ್ಕೆ ಈ ಗಾಳಿ ಈಶಾನ್ಯದಿಂದ ಬೀಸುತ್ತದೆ, ದಕ್ಷಿಣಕ್ಕೆ ಆಗ್ನೇಯದಿಂದ. ಹವಾಯಿಗೆ ಈಶಾನ್ಯ, ಮಾರಿಷಸ್ ಮತ್ತು ಅದರ ನೆರೆಯ ರೀಯೂನಿಯನ್ ದ್ವೀಪಕ್ಕೆ ಆಗ್ನೇಯ. ದ್ವೀಪದ ನಡುವೆ ಬೆಟ್ಟ ಇದ್ದರೆ ಗಾಳಿ ಬಡಿಯುವ ಕಡೆ ಹಸಿರು ಮತ್ತು ಮಳೆ, ಬೆಟ್ಟದ ಮರೆಯ ಕಡೆ ಒಣ ಹವೆ ಮತ್ತು ಸುಡು ಬಿಸಿಲು. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂದರೆ, ಹವಾಯಿಯ ದೊಡ್ಡ ದ್ವೀಪದಲ್ಲಿ ಪೂರ್ವದ ಹಿಲೋಗೆ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ, ಪಶ್ಚಿಮದ ಕವಾಯ್‌ಹಾಯೆ ಕಡೆ 250 ಮಿ.ಮೀ. ಆಸುಪಾಸು. ಒಂದೇ ದ್ವೀಪ, ಒಂದೇ ದಿನ, ಒಂದು ಕಡೆ ರೇನ್‌ಕೋಟು, ಇನ್ನೊಂದು ಕಡೆ ಸನ್‌ಸ್ಕ್ರೀನು.

ಎಲ್ಲ ದ್ವೀಪಕ್ಕೂ ಇದೇ ಗಾಳಿ ಅಲ್ಲ. ಶ್ರೀಲಂಕಾದಲ್ಲಿ ಮಾನ್ಸೂನ್ ನಡೆಯುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾನ್ಸೂನ್ ದಕ್ಷಿಣ, ಪಶ್ಚಿಮ ದಂಡೆ ಮತ್ತು ಬೆಟ್ಟದ ಪಶ್ಚಿಮ ಮಗ್ಗುಲನ್ನು ತೋಯಿಸುತ್ತದೆ. ಆಗ ಪೂರ್ವದ ಟ್ರಿಂಕೋಮಲೀ, ಅರುಗಮ್ ಬೇ ಕಡೆ ಒಣಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಈಶಾನ್ಯ ಮಾನ್ಸೂನ್, ಆಗ ಪೂರ್ವದಲ್ಲಿ ಮಳೆ, ಪಶ್ಚಿಮದಲ್ಲಿ ಬಿಸಿಲು. ಹಾಗಾಗಿ ಶ್ರೀಲಂಕಾಕ್ಕೆ ಯಾವಾಗ ಹೋಗಬೇಕು ಅಂತ ಕೇಳುವವರಿಗೆ ನಾನು ಯಾವ ದಂಡೆಗೆ ಅಂತ ತಿರುಗಿ ಕೇಳುತ್ತೇನೆ.

ಇನ್ನು ಚಂಡಮಾರುತದ ಕಾಲ. ನೈಋತ್ಯ ಹಿಂದೂ ಮಹಾಸಾಗರದಲ್ಲಿ ನವೆಂಬರ್‌ನಿಂದ ಏಪ್ರಿಲ್, ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್. ಆ ತಿಂಗಳುಗಳಲ್ಲಿ ಹೋಗಲೇಬಾರದು ಅಂತಲ್ಲ, ಆದರೆ ಎರಡು ದಿನ ಕೋಣೆಯಲ್ಲಿ ಕೂರಬೇಕಾಗಬಹುದು ಅಂತ ದಿನಗಳನ್ನು ಸಡಿಲವಾಗಿ ಇಟ್ಟುಕೊಳ್ಳಿ. ಮಾರಿಷಸ್‌ನಲ್ಲಿ ಎಚ್ಚರಿಕೆ 1ರಿಂದ 4ರವರೆಗೆ ಏರುತ್ತದೆ. 1 ಅಂದ ಕೂಡಲೇ ದೂರದ ಸವಾರಿ ಬಿಟ್ಟುಬಿಡಿ.

ಈಗ ಗಾಳಿಗೆ ಎಷ್ಟು ಬೆಲೆ ಕೊಡಬೇಕು ಅಂತ ಒಂದು ಲೆಕ್ಕ ನೋಡಿ. ಗಾಳಿ ಇಲ್ಲದಾಗ ಸಮತಟ್ಟಿನಲ್ಲಿ ಗಂಟೆಗೆ 28 ಕಿ.ಮೀ. ಹೋಗುವವರಿಗೆ 25 ಕಿ.ಮೀ. ವೇಗದ ಎದುರು ಗಾಳಿ ಸಿಕ್ಕರೆ, ಅಷ್ಟೇ ಶ್ರಮಕ್ಕೆ ವೇಗ ಸುಮಾರು 16ಕ್ಕೆ ಇಳಿಯುತ್ತದೆ. ಅದೇ ಗಾಳಿ ಬೆನ್ನಿಗೆ ಬಂದರೆ 45ರ ಹತ್ತಿರ. ಹೋಗುವಾಗ ಕಳೆದಿದ್ದು ಬರುವಾಗ ಸಿಗುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಸಿಗುವುದಿಲ್ಲ. 30 ಕಿ.ಮೀ. ಹೋಗಿ 30 ಕಿ.ಮೀ. ಬರಲು ಗಾಳಿ ಇಲ್ಲದಿದ್ದರೆ ಎರಡು ಗಂಟೆ ಹತ್ತು ನಿಮಿಷ ಸಾಕು. ಈ ಗಾಳಿಯಲ್ಲಿ ಎರಡೂವರೆ ಗಂಟೆ ಮೀರುತ್ತದೆ, ಯಾಕೆಂದರೆ ಎದುರು ಗಾಳಿಯಲ್ಲಿ ಇರುವ ಹೊತ್ತೇ ಜಾಸ್ತಿ. ಬಯಲು ದಂಡೆಯ ಎದುರು ಗಾಳಿ ಅಂದರೆ ಒಂದು ಏರು ಅಂತಲೇ ಲೆಕ್ಕ ಹಿಡಿಯಿರಿ.

ಹವಾಮಾನದ ಆ್ಯಪ್‌ಗಳಲ್ಲಿ ಗಾಳಿಯ ಬಾಣಗಳು ಸಿಗುತ್ತವೆ, ವಿಂಡಿ ಆ್ಯಪ್ ನಾನು ಬಳಸುವುದು. ಆದರೆ ಬೆಟ್ಟದ ಸಂದು, ಭೂಶಿರ ಇವುಗಳಲ್ಲಿ ಗಾಳಿ ಹೇಗೆ ಹಿಂಡಿಕೊಂಡು ನುಗ್ಗುತ್ತದೆ ಅಂತ ಅದಕ್ಕೆ ಪೂರ್ತಿ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಗುರುತು ಹುಡುಕಬೇಕು. ನಕ್ಷೆಯಲ್ಲಿ ಕೈಟ್‌ಸರ್ಫಿಂಗ್ (ಗಾಳಿಪಟ ಹಿಡಿದು ಹಲಗೆಯ ಮೇಲೆ ನೀರಲ್ಲಿ ಜಾರುವ ಆಟ) ಅಂತ ಬರೆದಿರುವ ಕಡಲತೀರ ಇದೆಯಾ ನೋಡಿ, ಅಲ್ಲಿ ಗಾಳಿ ಗ್ಯಾರಂಟಿ. ಲೆ ಮೊರ್ನ್ ಹೆಸರು ಮಾಡಿರುವುದೇ ಅದಕ್ಕೆ. ಗಾಳಿ ಯಂತ್ರಗಳ ಸಾಲು ಇದ್ದರೂ ಅಷ್ಟೇ. ಸ್ಟ್ರೀಟ್ ವ್ಯೂ ತೆರೆದು ದಂಡೆಯ ಮರಗಳನ್ನು ನೋಡಿ. ಎಲ್ಲ ಮರದ ತಲೆಯೂ ಒಂದೇ ದಿಕ್ಕಿಗೆ ಬಾಚಿದ ಹಾಗೆ ವಾಲಿದ್ದರೆ, ಆ ದಿಕ್ಕಿಗೆ ಹೋಗುವ ಹಾಗೆ ದಾರಿ ಹಾಕಿ. ವರ್ಷಗಟ್ಟಲೆ ಬೀಸಿದ ಗಾಳಿ ಬರೆದಿಟ್ಟು ಹೋದದ್ದು ಅದು, ಯಾವ ಆ್ಯಪ್‌ಗಿಂತಲೂ ನಾನು ಅದನ್ನು ಜಾಸ್ತಿ ನಂಬುತ್ತೇನೆ.

ಪ್ರದಕ್ಷಿಣೆಯೋ, ಅಪ್ರದಕ್ಷಿಣೆಯೋ

ಇದು ಸುಲಭದ ವಿಷಯ, ಆದರೂ ಎಷ್ಟೋ ಜನ ಯೋಚಿಸುವುದೇ ಇಲ್ಲ. ವಾಹನಗಳು ರಸ್ತೆಯ ಎಡಕ್ಕೆ ಓಡುವ ದ್ವೀಪದಲ್ಲಿ ಪ್ರದಕ್ಷಿಣೆ ಹಾಕಿ. ಗುಡಿ ಸುತ್ತುವಾಗ ಗುಡಿ ಬಲಗೈ ಕಡೆ ಇರುತ್ತದಲ್ಲ, ಹಾಗೆ ಬೆಟ್ಟ ಬಲಕ್ಕೆ, ಸಮುದ್ರ ಎಡಕ್ಕೆ, ನೀವು ಇರುವ ಬದಿಗೇ. ಶ್ರೀಲಂಕಾ, ಮಾರಿಷಸ್, ಬಾಲಿ, ಪುಕೆಟ್, ಲಂಕಾವಿ, ಬಾರ್ಬಡೋಸ್, ಜಮೈಕಾ ಎಲ್ಲ ಎಡದವು. ಬಲಕ್ಕೆ ಓಡುವ ಕಡೆ, ಅಂದರೆ ಹವಾಯಿ, ರೀಯೂನಿಯನ್, ಗ್ವಾಡಲೂಪ್, ಪೋರ್ಟೊ ರಿಕೊ, ಫಿಲಿಪೀನ್ಸ್ ದ್ವೀಪಗಳಲ್ಲಿ, ಅಪ್ರದಕ್ಷಿಣೆ. ತೈವಾನ್‌ನ ದಕ್ಷಿಣ ಭಾಗ ಉಷ್ಣವಲಯದೊಳಗೆ ಬರುತ್ತದೆ. ಅಲ್ಲಿ ದ್ವೀಪ ಪೂರ್ತಿ ಸುತ್ತುವುದು ಸೈಕಲ್‌ನವರ ದೊಡ್ಡ ಆಸೆ, ಸುಮಾರು 970 ಕಿ.ಮೀ. ದಾರಿ. ಹೆಚ್ಚಿನವರು ಅಪ್ರದಕ್ಷಿಣೆಯಾಗಿಯೇ ಹೋಗುತ್ತಾರೆ. ಕಾರಣ ಇದೇ, ಸಮುದ್ರ ಬಲಕ್ಕೆ ಸಿಗಲಿ ಅಂತ.

ಕಣ್ಣಿಗೆ ಚೆಂದ ಅನ್ನುವುದರ ಜೊತೆ ಇನ್ನೂ ಲಾಭ ಇದೆ. ನೋಟದ ಜಾಗಗಳು ಸಾಮಾನ್ಯವಾಗಿ ಕಡಲ ಬದಿಯಲ್ಲೇ ಇರುತ್ತವೆ, ರಸ್ತೆ ದಾಟದೆ ಹಾಗೇ ಸರಿದು ನಿಲ್ಲಬಹುದು. ಮಳೆ ಬಂದ ಮಾರನೇ ದಿನ ಬೆಟ್ಟದ ಬದಿಯಲ್ಲಿ ಉದುರಿದ ಕಲ್ಲು, ಜಾರಿದ ಮಣ್ಣು ಬಿದ್ದಿರುತ್ತದೆ, ಅದೂ ತಪ್ಪುತ್ತದೆ. ಒಂದೇ ಎಚ್ಚರಿಕೆ: ತಡೆಗೋಡೆ ಇಲ್ಲದ ಎತ್ತರದ ದಂಡೆಯಲ್ಲಿ ಬೆಟ್ಟದ ಸಂದಿನಿಂದ ಅಡ್ಡ ಗಾಳಿ ನುಗ್ಗಿದರೆ ಅದು ನಿಮ್ಮನ್ನು ಹೊರಕ್ಕೇ ತಳ್ಳುತ್ತದೆ. ಅಂಥ ಕಡೆ ಗಾಳಿ ಜೋರಿರುವ ದಿನ ಆ ದಂಡೆಯನ್ನೇ ಬಿಟ್ಟುಬಿಡುವುದು ಒಳ್ಳೆಯದು. ಎತ್ತರದ ರಿಮ್ ಇರುವ ಚಕ್ರಗಳನ್ನು ಅಡ್ಡ ಗಾಳಿ ಹಾಯಿಯ ಹಾಗೆ ತಳ್ಳುತ್ತದೆ, ಅವನ್ನು ದ್ವೀಪಕ್ಕೆ ಒಯ್ಯಲೇಬೇಡಿ.

ಗಾಳಿಯ ಲೆಕ್ಕವೂ ಸಮುದ್ರದ ಲೆಕ್ಕವೂ ಒಂದೇ ದಿಕ್ಕು ತೋರಿಸಿದರೆ ಅದೃಷ್ಟ. ತೋರಿಸದೆ ಹೋದರೆ? ನಾನು ಗಾಳಿಗೇ ಮೊದಲ ಮಾತು ಕೊಡುತ್ತೇನೆ. ಮೂರು ಗಂಟೆ ಎದುರು ಗಾಳಿ ತಿಂದವರಿಗೆ ಸಮುದ್ರ ಯಾವ ಕಡೆ ಇದ್ದರೂ ಕಾಣುವುದು ಮುಂದಿನ ಚಕ್ರ ಮಾತ್ರ.

ಪೂರ್ತಿ ಸುತ್ತು ಹಾಕಲೇಬೇಕಾ ಅನ್ನುವುದೂ ಯೋಚಿಸಿ. ನಡುವೆ ಬೆಟ್ಟ ತುಂಬಿದ ದ್ವೀಪದಲ್ಲಿ ಇಡೀ ದ್ವೀಪದ ಲಾರಿ, ಬಸ್ಸು, ಬಾಡಿಗೆ ಕಾರು ಎಲ್ಲ ಆ ಒಂದೇ ದಂಡೆಯ ರಸ್ತೆಯಲ್ಲಿ ಓಡಬೇಕು. ಬಂದರು, ವಿಮಾನ ನಿಲ್ದಾಣ, ದೊಡ್ಡ ಊರು ಇವುಗಳ ನಡುವಿನ ತುಂಡಿನಲ್ಲಿ ಸೈಕಲ್ ತುಳಿಯುವುದರಲ್ಲಿ ಯಾವ ಸುಖವೂ ಇಲ್ಲ. ಆ ತುಂಡನ್ನು ಬಿಟ್ಟು ಮೂರು ನಾಲ್ಕು ಲೂಪ್ ಮಾಡಿಕೊಳ್ಳಿ. ಹೊಸ ಹೆದ್ದಾರಿ ಆದ ಕಡೆ ಹಳೆ ರಸ್ತೆ ಹುಡುಕಿ, ಅದೇ ಚಿನ್ನ. ರೀಯೂನಿಯನ್‌ನ ಪಶ್ಚಿಮದಲ್ಲಿ 2009ರಲ್ಲಿ ರೂತ್ ದೆ ತಾಮರಾನ್ ಹೆದ್ದಾರಿ ಬೆಟ್ಟದ ಮಗ್ಗುಲಲ್ಲಿ ಬಂತು. ದೂರ ಹೋಗುವ ವಾಹನಗಳಿಗೆ ಆ ದಾರಿಯಾಯಿತು, ಕೆಳಗಿನ ಹಳೆ ದಂಡೆಯ ರಸ್ತೆಗೆ ಉಸಿರಾಡಲು ಜಾಗ ಸಿಕ್ಕಿತು.

ಗಡಿಯಾರ ನೋಡಿ ದಾರಿ ಹಾಕಿ

ಉಷ್ಣವಲಯದಲ್ಲಿ ದಿನ ಒಂದು ಕ್ರಮದಲ್ಲಿ ನಡೆಯುತ್ತದೆ. ಬೆಳಗ್ಗೆ ಗಾಳಿ ಸಣ್ಣದು, ಬೆಟ್ಟ ಸ್ವಚ್ಛ. ಒಂಬತ್ತು ಹತ್ತರ ಹೊತ್ತಿಗೆ ನೆಲ ಕಾದು, ಮೇಲಿನ ಗಾಳಿ ಕೆಳಗಿಳಿದು ಬೀಸತೊಡಗುತ್ತದೆ, ಕಡಲಿಂದ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ತೇವದ ಗಾಳಿ ಬೆಟ್ಟ ಹತ್ತಿ ಮೋಡವಾಗುತ್ತದೆ. ಮಧ್ಯಾಹ್ನದ ಮೇಲೆ ಒಳನಾಡಿನಲ್ಲಿ ಮಳೆ ಸುರಿಯುವುದೂ ಇದೆ. ಸಂಜೆ ಮತ್ತೆ ತಣ್ಣಗೆ. ಆದರೆ ಸಂಜೆ ಅನ್ನುವುದು ಇಲ್ಲಿ ತುಂಬಾ ಚಿಕ್ಕದು. ಸೂರ್ಯ ನೇರಕ್ಕೆ ಇಳಿಯುವುದರಿಂದ ಮುಳುಗಿದ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಕತ್ತಲು. ಇನ್ನೂ ಬೆಳಕಿರುತ್ತದೆ ಬಿಡಿ ಅಂತ ನಂಬಿ ಹೊರಡಬೇಡಿ, ಹಿಂದು ಮುಂದು ಎರಡೂ ದೀಪ ಯಾವಾಗಲೂ ಸೈಕಲ್ ಮೇಲೆ ಇರಲಿ.

ಇದರಿಂದ ದಾರಿಯ ಅನುಕ್ರಮ ತಾನಾಗಿ ಬರುತ್ತದೆ. ಎದುರು ಗಾಳಿಯ ತುಂಡು ಇದ್ದೇ ಇರುತ್ತದೆ ಅಂದರೆ ಅದನ್ನು ಮೊದಲು, ಗಾಳಿ ಏಳುವ ಮುಂಚೆ ಮುಗಿಸಿ. ಎತ್ತರದ ನೋಟದ ಜಾಗ ಹತ್ತರ ಒಳಗೆ. ಏರು ಸಾಧ್ಯವಾದಷ್ಟು ನೆರಳಲ್ಲಿ, ಬೆಳಗ್ಗೆ ಪಶ್ಚಿಮದ ಮಗ್ಗುಲಿನ ಏರುಗಳಲ್ಲಿ ನೆರಳು ಇರುತ್ತದೆ. ಹನ್ನೊಂದರಿಂದ ಮೂರರವರೆಗೆ ಮರ ಇಲ್ಲದ ಒಣ ದಂಡೆಯಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ಸೂರ್ಯ ನೆತ್ತಿಯ ಮೇಲೆ ಇರುವಾಗ ಮರದ ನೆರಳೂ ಮರದ ಬುಡಕ್ಕೇ ಬೀಳುತ್ತದೆ, ರಸ್ತೆಗೆ ಬರುವುದಿಲ್ಲ. ಫೋಟೋ ಬೇಕು ಅನ್ನುವವರಿಗೂ ಆ ಹೊತ್ತು ದಂಡ, ಬಣ್ಣವೆಲ್ಲ ಬಿಳಚಿಕೊಂಡಿರುತ್ತದೆ. ಸಮುದ್ರದ ತಿಳಿ ಹಸಿರು ಮಾತ್ರ ಬಿಸಿಲು ಮೇಲೇರಿದ ಮೇಲೆ ಚೆನ್ನಾಗಿ ತೋರುತ್ತದೆ ನಿಜ, ಅದಕ್ಕೆ ಒಂಬತ್ತು ಹತ್ತರ ಬೆಳಕು ಸಾಕು.

ಬೇಗ ಹೊರಡುವುದಕ್ಕೆ ಬರೀ ಹವೆಯೊಂದೇ ಕಾರಣ ಅಲ್ಲ. ಹವಾಯಿಯ ಮಾವಿ ದ್ವೀಪದ ಹಾನಾ ರಸ್ತೆಯಲ್ಲಿ ಸುಮಾರು 620 ತಿರುವು, 59 ಸೇತುವೆ, ಅದರಲ್ಲಿ 46 ಒಂದೇ ವಾಹನ ದಾಟುವಷ್ಟು ಅಗಲದವು. ಪ್ರವಾಸಿ ಕಾರುಗಳ ಸಾಲು ಶುರುವಾದ ಮೇಲೆ ಪ್ರತಿ ಸೇತುವೆಯಲ್ಲೂ ಹಿಂದೆ ಕಾರು ಗುರುಗುಟ್ಟುತ್ತಿರುತ್ತದೆ. ಬೆಳಕು ಹರಿಯುತ್ತಲೇ ಹೊರಟವರಿಗೆ ಅದೇ ರಸ್ತೆಯಲ್ಲಿ ಜಲಪಾತದ ಸದ್ದು ಕೇಳುತ್ತದೆ. ಕಾಡು ಪ್ರಾಣಿ ಇರುವ ಕಡೆ ಮಾತ್ರ ಈ ಲೆಕ್ಕ ತಿರುವುಮುರುವು. ಶ್ರೀಲಂಕಾದ ಬುತ್ತಲ ಮತ್ತು ಕತರಗಾಮದ ನಡುವಿನ ರಸ್ತೆಗೆ ಆನೆಗಳು ಇಳಿಯುತ್ತವೆ, ವಾಹನ ನಿಲ್ಲಿಸಿ ತಿಂಡಿ ಹುಡುಕುವ ಆನೆಗಳೂ ಇವೆ. ಮುಂಜಾವು, ಮುಸ್ಸಂಜೆ ಅಲ್ಲಿ ಸೈಕಲ್ ಬೇಡವೇ ಬೇಡ. ನನ್ನನ್ನು ಕೇಳಿದರೆ ಹಗಲಲ್ಲೂ ಆ ತುಂಡನ್ನು ಸೈಕಲ್ ಬಸ್ಸಿಗೆ ಹಾಕಿ ದಾಟುವುದೇ ಸರಿ.

ಹಬ್ಬದ ದಿನಗಳನ್ನೂ ನೋಡಿಕೊಳ್ಳಿ. ಮಾರಿಷಸ್‌ನ ಗ್ರಾಂ ಬಸಾನ್ ಅಂದರೆ ಅಲ್ಲಿನ ಹಿಂದೂಗಳ ಗಂಗಾ ತಲಾವ್. ಮಹಾಶಿವರಾತ್ರಿಗೆ ದ್ವೀಪದ ಮೂಲೆ ಮೂಲೆಯಿಂದ ಜನ ಕಾವಡಿ ಹೊತ್ತು ನಡೆದು ಬರುತ್ತಾರೆ. ಆ ವಾರ ಆ ರಸ್ತೆಗಳು ಅವರದು, ಲೂಪ್ ಬೇರೆ ಕಡೆ ಹಾಕಿ. ಬಾಲಿಯಲ್ಲಿ ನ್ಯೇಪಿ ದಿನ ಯಾರೂ ಮನೆಯಿಂದ ಹೊರಗೆ ಬರುವಂತಿಲ್ಲ, ಪ್ರವಾಸಿಗಳೂ ಅಷ್ಟೇ, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ.

ನಕ್ಷೆಯನ್ನು ಎಷ್ಟು ನಂಬಬೇಕು

ದಿಕ್ಕು, ಹೊತ್ತು ಗೊತ್ತಾದ ಮೇಲೆ ಆ್ಯಪ್ ತೆರೆಯಿರಿ. ಕೊಮೂಟ್, ರೈಡ್ ವಿತ್ ಜಿಪಿಎಸ್, ಸ್ಟ್ರಾವಾ, ಯಾವುದಾದರೂ ಆಗುತ್ತದೆ. ರಸ್ತೆಯ ಮಾಹಿತಿ ಹೆಚ್ಚಾಗಿ ಓಪನ್‌ಸ್ಟ್ರೀಟ್‌ಮ್ಯಾಪ್‌ನದೇ. ಅದನ್ನು ತುಂಬುವವರು ಸ್ವಯಂಸೇವಕರು, ಜನ ಕಡಿಮೆ ಇರುವ ದ್ವೀಪದಲ್ಲಿ ರಸ್ತೆ ಡಾಂಬರಿನದೋ ಕಲ್ಲಿನದೋ ಅಂತ ಬರೆದೇ ಇರುವುದಿಲ್ಲ. ಬರೆದಿಲ್ಲದ್ದನ್ನು ಆ್ಯಪ್ ಡಾಂಬರು ಅಂತ ಊಹಿಸಿಬಿಡಬಹುದು. ಶ್ರೀಲಂಕಾದ ಬೆಟ್ಟದಲ್ಲಿ ನನ್ನನ್ನು ಒಂದು ಆ್ಯಪ್ ಹೀಗೇ ಚಹಾ ತೋಟದ ಒಳಗೆ ಕಳಿಸಿತ್ತು. ಮುಷ್ಟಿ ಗಾತ್ರದ ಕಲ್ಲು ಹಾಸಿದ ದಾರಿ, ನಾಲ್ಕು ಕಿ.ಮೀ. ಸೈಕಲ್ ತಳ್ಳಿಕೊಂಡು ನಡೆದೆ, ಶೂ ಕೆಳಗಿನ ಕ್ಲೀಟು ಸವೆದು ಮಾರನೇ ದಿನ ಪೆಡಲ್ ಹಿಡಿಯಲೇ ಇಲ್ಲ.

ಹಾಗಾಗಿ ಮೂರು ಸಲ ತಾಳೆ ನೋಡುವುದು ನನ್ನ ಪದ್ಧತಿ. ಮೊದಲು ಹೀಟ್‌ಮ್ಯಾಪ್, ಅಂದರೆ ಸವಾರರ ಓಡಾಟ ತೋರಿಸುವ ನಕ್ಷೆ: ರೋಡ್ ಸವಾರರು ಹೋಗಿರುವ ರಸ್ತೆ ಬೆಳಗಿರುತ್ತದೆ, ಹೋಗದ್ದು ಕಪ್ಪಾಗಿರುತ್ತದೆ. ಊರವರು ಬೈಪಾಸ್ ಬಿಟ್ಟು ಯಾವ ಹಿಂದಿನ ರಸ್ತೆ ಹಿಡಿಯುತ್ತಾರೆ ಅಂತ ಇದರಲ್ಲೇ ಸಿಕ್ಕಿಬಿಡುತ್ತದೆ. ಆಮೇಲೆ ಉಪಗ್ರಹದ ಚಿತ್ರ: ಡಾಂಬರು ಬೂದು ಅಥವಾ ಕಪ್ಪು, ಮಣ್ಣು ಕೆಂಪು ಅಥವಾ ಬಿಳಿ. ಕಾಡು ಮುಚ್ಚಿದ ಕಡೆ ಏನೂ ಕಾಣುವುದಿಲ್ಲ, ಅಲ್ಲಿ ಸ್ಟ್ರೀಟ್ ವ್ಯೂ. ಸ್ಟ್ರೀಟ್ ವ್ಯೂ ಮೂಲೆಯಲ್ಲಿ ಚಿತ್ರ ತೆಗೆದ ತಿಂಗಳು, ವರ್ಷ ಇರುತ್ತದೆ. ಆಮೇಲೆ ಚಂಡಮಾರುತವೋ ಭೂಕುಸಿತವೋ ಆಗಿದ್ದರೆ ಆ ಚಿತ್ರಕ್ಕೆ ಬೆಲೆ ಇಲ್ಲ. ಜ್ವಾಲಾಮುಖಿ ದ್ವೀಪದಲ್ಲಿ ರಸ್ತೆಯೇ ಲಾವಾ ಕೆಳಗೆ ಹೋಗಿರುತ್ತದೆ, ರೀಯೂನಿಯನ್‌ನ ಆಗ್ನೇಯ ದಂಡೆಯ ರಸ್ತೆಯನ್ನು 2007ರಲ್ಲಿ ಲಾವಾ ನುಂಗಿ, ಮತ್ತೆ ಹೊಸದಾಗಿ ಹಾಕಿದರು.

ಎತ್ತರದ ಲೆಕ್ಕ ಇನ್ನೂ ಮೋಸ. ಉಚಿತವಾಗಿ ಸಿಗುವ ಎತ್ತರದ ಮಾಹಿತಿಯಲ್ಲಿ ಹೆಚ್ಚು ಬಳಕೆಯಲ್ಲಿರುವುದು 2000ನೇ ಇಸವಿಯ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದದ್ದು. ನೆಲವನ್ನು ಸುಮಾರು 30 ಮೀಟರಿನ ಚೌಕಗಳಾಗಿ ಮಾಡಿ ಒಂದೊಂದಕ್ಕೆ ಒಂದು ಎತ್ತರ. ಬಯಲಲ್ಲಿ ತೊಂದರೆ ಇಲ್ಲ. ಆದರೆ ಕಡಿದಾದ ಬಂಡೆಯ ಬುಡದಲ್ಲಿ, ನೀರಿಗೆ ಅಂಟಿಕೊಂಡು ಹೋಗುವ ರಸ್ತೆಯಲ್ಲಿ ಒಂದು ಚೌಕಕ್ಕೆ ಬಂಡೆಯ ನೆತ್ತಿ ಸಿಗುತ್ತದೆ, ಪಕ್ಕದ್ದಕ್ಕೆ ಸಮುದ್ರ. ಆ್ಯಪ್‌ನ ಗ್ರಾಫ್ ಗರಗಸದ ಹಲ್ಲಿನ ಹಾಗೆ ಎದ್ದು ಬಿದ್ದು, ಚಪ್ಪಟೆ ರಸ್ತೆಗೂ ನೂರಾರು ಮೀಟರ್ ಏರು ಅಂತ ತೋರಿಸುತ್ತದೆ. ಸುರಂಗ, ಎತ್ತರದ ಸೇತುವೆ ಇದ್ದ ಕಡೆಯೂ ಹೀಗೇ. ತದ್ವಿರುದ್ಧವೂ ಇದೆ: ನೂರು ಮೀಟರೊಳಗಿನ ಗೋಡೆಯಂಥ ಏರು ಸರಾಸರಿಯಲ್ಲಿ ಕರಗಿ ಸಾಧು ಏರಿನ ಹಾಗೆ ಕಾಣುತ್ತದೆ. ಗ್ರಾಫ್ ಒರಟಾಗಿದ್ದರೆ ಅದೇ ರಸ್ತೆಯಲ್ಲಿ ಬೇರೆಯವರು ನಿಜವಾಗಿ ತುಳಿದ ದಾಖಲೆ ತೆಗೆದು ನೋಡಿ, ಸೈಕಲ್ ಕಂಪ್ಯೂಟರುಗಳು ಗಾಳಿಯ ಒತ್ತಡದಿಂದ ಎತ್ತರ ಅಳೆಯುವುದರಿಂದ ಅದು ಹೆಚ್ಚು ಸರಿ ಇರುತ್ತದೆ.

ಎಲ್ಲ ಆದ ಮೇಲೆ ದಾರಿಯ ಜಿಪಿಎಕ್ಸ್ ಫೈಲನ್ನು (ದಾರಿಯ ಗುರುತುಗಳಿರುವ ಫೈಲು) ಫೋನಿಗೂ ಸೈಕಲ್ ಕಂಪ್ಯೂಟರಿಗೂ ಇಳಿಸಿಕೊಳ್ಳಿ, ನಕ್ಷೆಯನ್ನು ಆಫ್‌ಲೈನ್ ಮಾಡಿಕೊಳ್ಳಿ. ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ.

ಏರು, ಗೇರು, ನೀರು

ದ್ವೀಪದ ಏರುಗಳ ಒಂದು ಗುಣ, ಅವು ಸೊನ್ನೆಯಿಂದ ಶುರುವಾಗುತ್ತವೆ. ಮಾವಿಯ ಹಾಲೆಯಾಕಲಾ ಬೆಟ್ಟದ ರಸ್ತೆ ಕಡಲಂಚಿನ ಪಾಯಿಯಾ ಊರಿಂದ ಸುಮಾರು 58 ಕಿ.ಮೀ.ಯಲ್ಲಿ 3055 ಮೀಟರಿಗೆ ಏರುತ್ತದೆ, ನಡುವೆ ಇಳಿಜಾರು ಅನ್ನುವುದೇ ಇಲ್ಲ ಅನ್ನಬಹುದು. ತೈವಾನ್‌ನ ವೂಲಿಂಗ್ ಘಟ್ಟ 3275 ಮೀಟರ್. ಪ್ರತಿ ಸಾವಿರ ಮೀಟರಿಗೆ ಆರು ಆರೂವರೆ ಡಿಗ್ರಿ ಚಳಿ ಜಾಸ್ತಿ ಅಂತ ಹಿಡಿದರೆ, ಕೆಳಗೆ 28 ಇದ್ದಾಗ ಹಾಲೆಯಾಕಲಾ ತುದಿಯಲ್ಲಿ 8ರಿಂದ 10. ಬೆವರಲ್ಲಿ ನೆನೆದ ಜೆರ್ಸಿಯಲ್ಲಿ ಅಲ್ಲಿಂದ ಇಳಿಯುವುದು ತಮಾಷೆಯಲ್ಲ. ಗಾಳಿ ತಡೆಯುವ ಜಾಕೆಟ್ಟು, ಪೂರ್ತಿ ಬೆರಳಿನ ಗ್ಲೌಸು ಉಷ್ಣವಲಯದ ಪಟ್ಟಿಯಲ್ಲಿ ಇರಲೇಬೇಕು.

ಏರಿಗೆ ಕಿ.ಮೀ. ಲೆಕ್ಕ ಬೇಡ, ಎತ್ತರದ ಲೆಕ್ಕ ಹಿಡಿಯಿರಿ. ಸಾಧಾರಣ ಅಭ್ಯಾಸ ಇರುವವರು ಗಂಟೆಗೆ 500ರಿಂದ 600 ಮೀಟರ್ ಮೇಲೇರುತ್ತಾರೆ. ಸೆಖೆಯಲ್ಲಿ, ನಿಂತು ನೋಡಿಕೊಂಡು ಹೋಗುವಾಗ 400 ಅಂತ ಬರೆದುಕೊಳ್ಳಿ. ಜ್ವಾಲಾಮುಖಿ ದ್ವೀಪಗಳಲ್ಲಿ ಹತ್ತು ಪರ್ಸೆಂಟ್ ಮೀರುವ ತುಂಡುಗಳು ಸಾಮಾನ್ಯ. ಮುಂದೆ 34, ಹಿಂದೆ 32 ಹಲ್ಲಿನ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8 ಕಿ.ಮೀ. ವೇಗ. ಸೈಕಲ್ಲೂ ಸವಾರನೂ ಸೇರಿ 80 ಕೆ.ಜಿ. ಇದ್ದರೆ ಹತ್ತು ಪರ್ಸೆಂಟ್ ಏರಿನಲ್ಲಿ ಅಷ್ಟಕ್ಕೇ 180 ವಾಟ್‌ಗಿಂತ ಜಾಸ್ತಿ ಬೇಕು. ಒಂದು ಗಂಟೆ ಅಷ್ಟು ಹಾಕಲು ನಿಮಗೆ ಆಗುತ್ತಾ? ಆಗದಿದ್ದರೆ ಹೊರಡುವ ಮುಂಚೆಯೇ 34 ಅಥವಾ 36 ಹಲ್ಲಿನ ಕ್ಯಾಸೆಟ್ (ಹಿಂದಿನ ಚಕ್ರದ ಗೇರುಗಳ ಗುಂಪು) ಹಾಕಿಸಿ, ನಿಮ್ಮ ಡಿರೇಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸುವ ಭಾಗ) ಅಷ್ಟು ದೊಡ್ಡದನ್ನು ಒಪ್ಪುತ್ತದಾ ಅಂತ ಮೆಕ್ಯಾನಿಕ್‌ನ್ನು ಕೇಳಿ.

ನೀರಿನ ವಿಷಯದಲ್ಲೂ ಗಂಟೆಯ ಲೆಕ್ಕವೇ. ಸೆಖೆಯಲ್ಲಿ ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ಮಾಮೂಲು. 750 ಮಿ.ಲೀ.ಯ ಎರಡು ಬಾಟಲಿ ಅಂದರೆ ಒಂದೂವರೆ ಗಂಟೆ. ಬಯಲಲ್ಲಿ ಆ ಒಂದೂವರೆ ಗಂಟೆಗೆ 40 ಕಿ.ಮೀ. ಹೋಗಿರುತ್ತೀರಿ, ಏರಿನಲ್ಲಿ 12 ಕಿ.ಮೀ. ಮಾತ್ರ. ನಕ್ಷೆಯಲ್ಲಿ ಊರುಗಳು ಹತ್ತಿರ ಹತ್ತಿರ ಕಂಡರೂ ಏರಿನ ಮೇಲೆ ಅವು ದೂರ. ನೀರು ಸಿಗುವ ಜಾಗಗಳನ್ನು ದಾರಿಯ ಮೇಲೆ ಗುರುತು ಹಾಕಿ, ನಡುವೆ ಎಷ್ಟು ನಿಮಿಷ ಅಂತ ಬರೆಯಿರಿ. ಬರೀ ನೀರು ಕುಡಿಯುತ್ತಾ ಹೋಗಬೇಡಿ, ಉಪ್ಪೂ ಹೋಗುತ್ತಿರುತ್ತದೆ, ಒಂದು ಬಾಟಲಿಗೆ ಓಆರ್‌ಎಸ್ ಹಾಕಿ. ಬಿಸಿಲಲ್ಲಿ ಮೈ ಜುಂ ಅಂದು ಚಳಿ ಹತ್ತಿದರೆ, ತಲೆ ತಿರುಗಿದರೆ ಅಲ್ಲೇ ನೆರಳಿಗೆ ಇಳಿಯಿರಿ. ಮುಂದಿನ ಊರಿನವರೆಗೆ ಹೋಗಿಬಿಡೋಣ ಅನ್ನುವ ಯೋಚನೆಯೇ ಬೇಡ.

ಇಳಿಯುವ ದಾರಿ

ಏರಿಗೆ ಕಡಿದಾದದ್ದು, ಇಳಿಯಲು ಸಾಧುವಾದದ್ದು, ಒಣ ಮಗ್ಗುಲಿನದ್ದು ಆರಿಸಿ. ಮಳೆ ಕಡೆಯ ಕಾಡಿನ ರಸ್ತೆಯಲ್ಲಿ ಮಧ್ಯಾಹ್ನವೂ ಬಿಸಿಲು ಬೀಳದ ತಿರುವುಗಳಿರುತ್ತವೆ. ಚಕ್ರಗಳು ಓಡಾಡುವ ಎರಡು ಪಟ್ಟಿ ಬಿಟ್ಟು ಉಳಿದ ಕಡೆ ಡಾಂಬರಿನ ಮೇಲೆ ತೆಳುವಾದ ಹಸಿರು ಪಾಚಿ. ದೂರದಿಂದ ಅದು ನೆರಳಿನ ಹಾಗೇ ಕಾಣುತ್ತದೆ, ಬೆರಳಿಟ್ಟು ನೋಡಿದರೆ ಸಾಬೂನು. ವಾಹನದ ಚಕ್ರದ ಪಟ್ಟಿಯಲ್ಲೇ ಇಳಿಯಿರಿ, ಬಿಳಿ ಗೆರೆಯ ಮೇಲೆ ವಾಲಬೇಡಿ, ಬ್ರೇಕನ್ನು ತಿರುವಿನ ಮುಂಚೆಯೇ ಮುಗಿಸಿ. ರೀಯೂನಿಯನ್‌ನ ಸಿಲಾವೊಸ್ ರಸ್ತೆಯಲ್ಲಿ 400ಕ್ಕೂ ಜಾಸ್ತಿ ತಿರುವು ಇದೆ, ಅಲ್ಲಿ ಬ್ರೇಕ್ ಪ್ಯಾಡ್ ಹೊಸದಿದ್ದೂ ಒಂದು ಜೋಡಿ ಜೇಬಲ್ಲಿ ಇರಬೇಕು. ಟಯರ್ 28 ಅಥವಾ 30 ಮಿ.ಮೀ. ಇರಲಿ, ಗಾಳಿ ಸ್ವಲ್ಪ ಕಡಿಮೆ ತುಂಬಿಸಿ. ಕಬ್ಬಿನ ಕಟಾವಿನ ಕಾಲದಲ್ಲಿ ತಿರುವಲ್ಲಿ ಲಾರಿಯಿಂದ ಬಿದ್ದ ಕಬ್ಬು ಇರುತ್ತದೆ, ಅದರ ಮೇಲೆ ಸಣ್ಣ ಚಕ್ರ ಹತ್ತಿದರೆ ಮುಗೀತು.

ಸಂಜೆ ವಾಪಸ್ ಬಂದು ಸೈಕಲನ್ನು ಸಿಹಿ ನೀರಲ್ಲಿ ಒರೆಸಿ, ಚೈನ್ ಒಣಗಿಸಿ ಎಣ್ಣೆ ಹಾಕಿ. ಕಡಲ ಉಪ್ಪು ಒಂದೇ ರಾತ್ರಿಯಲ್ಲಿ ಚೈನಿಗೆ ಕೆಂಪು ಹಚ್ಚುತ್ತದೆ.

ಮಾರನೇ ದಿನದ ದಾರಿಗೆ ನಾನು ಹ್ಯಾಂಡಲ್ ಪಕ್ಕ, ಮೇಲಿನ ಕೊಳವೆಗೆ ಒಂದು ತುಂಡು ಕಾಗದದ ಟೇಪ್ ಅಂಟಿಸಿ ಪೆನ್ನಲ್ಲಿ ಹೊತ್ತು ಬರೆದಿಡುತ್ತೇನೆ. ಮಾರಿಷಸ್‌ನ ಎರಡನೇ ಸಲದ ಟೇಪಿನಲ್ಲಿ ಇದ್ದದ್ದು ಇಷ್ಟು: 6.40 ಸುಯಾಕ್, 7.30 ಮಕೋಂಡೆ, 8.15 ಏರಿನ ಬುಡ, 10 ಕಣಿವೆ. ಅದರ ಕೆಳಗೆ ಇನ್ನೊಂದು ಸಾಲು: ಏರಿನ ಬುಡಕ್ಕೆ 9 ಆದರೆ ಬೆಟ್ಟ ಬೇಡ, ಪಶ್ಚಿಮ ದಂಡೆಯಲ್ಲೇ ಉತ್ತರಕ್ಕೆ, ಅಲ್ಲಿಂದ ಟ್ಯಾಕ್ಸಿ.